ಬ್ರೇಕಿನ ಪಿನ್ನು ಹಿಡಿದು ಇಂಗ್ಲೆಂಡಿಗೆ

ಇಂಡಿ

ನಾನು ಇಂಗ್ಲೆಂಡಿಗೆ ಹೋದದ್ದು ಸಿಟ್ಟಿನಿಂದ. ಮಂದಿ ಅಲ್ಲಿಗೆ ಅರಮನೆ ನೋಡಲು ಹೋಗುತ್ತಾರೆ, ಮೊಮ್ಮಕ್ಕಳನ್ನು ಆಡಿಸಲು ಹೋಗುತ್ತಾರೆ. ನಾನು ಹೋದದ್ದು ಒಬ್ಬ ಮೆಕ್ಯಾನಿಕನನ್ನು ಹುಡುಕಿಕೊಂಡು. ಅದೂ ಸಾದಾ ಮೆಕ್ಯಾನಿಕನಲ್ಲ, ‘ಅರ್ಹ’ ಮೆಕ್ಯಾನಿಕ. ಆ ಶಬ್ದ ನನ್ನದಲ್ಲ, ಕಂಪನಿಯದು. ಅದನ್ನು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ.

ನಾನು ಪಶುವೈದ್ಯೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನಲ್ಲಿ ನಾನು ಕೈ ಹಾಕಿ ಕರು ಎಳೆಯದ ಊರು ಕಡಿಮೆ. ನೌಕರಿಯ ಉದ್ದಕ್ಕೂ ಸರ್ಕಾರಿ ಜೀಪಿನಲ್ಲಿ ಧೂಳು ಕುಡಿದು, ನಿವೃತ್ತಿಯಾದ ಮೇಲೆ ಕೇವಲ ನನ್ನ ಆಸೆಗಾಗಿ ಒಂದು ಕಾರು ಕೊಂಡೆ. ಎರಡೇ ಸೀಟು, ಮಡಚುವ ಮೇಲ್ಛಾವಣಿ, ನೆಲಕ್ಕೆ ಅಂಟಿಕೊಂಡಂತೆ ಓಡುವ ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರು. ಬಣ್ಣ ನಮ್ಮ ಇಂಡಿಯ ಹಣ್ಣಾದ ನಿಂಬೆಯದು. ಅದನ್ನು ಕಟ್ಟುತ್ತಿದ್ದ ಕಾರ್ಖಾನೆ ಎಂದೋ ಮುಚ್ಚಿತ್ತು. ಹೆಸರನ್ನೂ ಬಿಡಿಭಾಗದ ಗೋದಾಮನ್ನೂ ಬೇರೊಂದು ಕಂಪನಿ ಕೊಂಡುಕೊಂಡಿತ್ತು. ಅದರ ಕಚೇರಿ ನಮ್ಮ ದೇಶದಲ್ಲೂ ಇದೆ. ಹೆಸರು ಬರೆಯುವುದಿಲ್ಲ, ಬರೆದರೆ ಅವರ ವಕೀಲರಿಗೆ ಇನ್ನೊಂದು ಕೆಲಸ ಸಿಗುತ್ತದೆ.

ನಮ್ಮವರು ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ಕಾರು ನೋಡಿ ಅವರು ಅಂದದ್ದು ಒಂದೇ ಮಾತು: “ಇದರಾಗ ಕಾಯಿಪಲ್ಯಾ ಎಲ್ಲಿ ಇಡೋದು?”

ಆ ಕಾರನ್ನು ನೋಡಿಕೊಳ್ಳುತ್ತಿದ್ದವರು ಮುದ್ದೇಬಿಹಾಳದ ಮೌನೇಶ ಬಡಿಗೇರ. ನನ್ನ ವಯಸ್ಸಿನವರೇ. ಹರೆಯದಲ್ಲಿ ಮಸ್ಕತ್ತಿನ ಗ್ಯಾರೇಜಿನಲ್ಲಿ ದುಡಿದು ಬಂದವರು. ಬಾಯಿ ಜೋರು. ಗಿರಾಕಿ ತಪ್ಪಾಗಿ ಓಡಿಸಿದರೆ ಎಲ್ಲರ ಮುಂದೆ ಬೈಯುವ ಮನುಷ್ಯ.

ಒಂದು ಭಾನುವಾರ ಬಸವನ ಬಾಗೇವಾಡಿಯಿಂದ ಕೊಲ್ಹಾರದ ಕಡೆ ಹೊರಟಿದ್ದೆ. ರಸ್ತೆ ನದಿಯ ಕಡೆ ಇಳಿಯುವಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ತಿರುಗಿತು. ಬ್ರೇಕ್ ಒತ್ತಿದೆ. ಪೆಡಲು ಸೀದಾ ನೆಲಕ್ಕೆ ಹೋಗಿ ಅಲ್ಲೇ ಬಿದ್ದುಕೊಂಡಿತು. ಕಾಲಿಗೆ ಏನೂ ಸಿಗಲಿಲ್ಲ, ಗಾಳಿ ತುಳಿದಂತೆ. ಸ್ಟೇರಿಂಗ್ ಎಳೆದು ಕಬ್ಬಿನ ಹೊಲಕ್ಕೆ ನುಗ್ಗಿಸಿದೆ. ಕೊರಳೆಲುಬು ಮುರಿಯಿತು, ಜೀವ ಉಳಿಯಿತು. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ಕೂತಿದ್ದರು. ನಾನು ಸ್ಟೇರಿಂಗ್ ಎಳೆಯದೆ ಇದ್ದಿದ್ದರೆ ಏನಾಗುತ್ತಿತ್ತೆಂದು ಇಂದಿಗೂ ಯೋಚಿಸಲಾರೆ.

ಕೈಗೆ ಜೋಳಿಗೆ ಕಟ್ಟಿಕೊಂಡು ಮನೆಯಲ್ಲಿ ಕೂತಾಗ ನೋಡಲು ಬಂದವರೆಲ್ಲ ಒಂದೇ ರಾಗ ಹಾಡಿದರು. ಹೆಣ್ಣುಮಕ್ಕಳಿಗೆ ಇಂಥ ಗಾಡಿ ಯಾಕೆ, ಈ ವಯಸ್ಸಿನಲ್ಲಿ ಈ ಹುಚ್ಚು ಯಾಕೆ, ಬ್ರೇಕ್ ಅಂತ ತಿಳಿದು ಬೇರೇನೋ ಒತ್ತಿರಬೇಕು. ನಲವತ್ತು ವರ್ಷ ಗಾಡಿ ಓಡಿಸಿದವಳಿಗೆ, ಲೈಸೆನ್ಸೇ ಇಲ್ಲದ ಸೋದರಮಾವಂದಿರು ಬ್ರೇಕ್ ಎಲ್ಲಿರುತ್ತದೆಂದು ಹೇಳಿಕೊಟ್ಟರು.

ಆಮೇಲೆ ಕಂಪನಿಯ ತಜ್ಞ ಬಂದ. ಇಸ್ತ್ರಿ ಮಾಡಿದ ಶರ್ಟಿನ ಮನುಷ್ಯ, ಮಂಡಿ ಊರಲಿಲ್ಲ. ಪೆಡಲನ್ನೂ ಅದರ ಮುಂದಿನ ಸರಳನ್ನೂ ಜೋಡಿಸುವ ಒಂದು ಪಿನ್ನು ಇರುತ್ತದೆ, ಕಿರುಬೆರಳಿನಷ್ಟು. ಅದು ಕಳಚದಂತೆ ತುದಿಯ ಕಚ್ಚಿನಲ್ಲಿ ಒಂದು ಸಣ್ಣ ಕ್ಲಿಪ್ಪು ಕೂರಿಸಿರುತ್ತಾರೆ. ಪಿನ್ನು ಕಾರಿನ ನೆಲಹಾಸಿನ ಮೇಲೆ ಬಿದ್ದಿತ್ತು. ಫೋಟೋ ತೆಗೆದು, ಅದನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗಿಟ್ಟು ಹೋದ. ಕೆಲವು ವಾರದ ಮೇಲೆ ಫೋನಿನಲ್ಲಿ ತೀರ್ಮಾನ ಬಂತು: ಅರ್ಹನಲ್ಲದ ಸ್ಥಳೀಯ ಮೆಕ್ಯಾನಿಕ ಬ್ರೇಕ್ ಬಿಚ್ಚಿ ಕ್ಲಿಪ್ಪು ಹಾಕಲು ಮರೆತಿದ್ದಾನೆ.

“ಒಪ್ಪೂದಿಲ್ಲ,” ಅಂದೆ.

“ಹಾಗಾದರೆ ಕಾರ್ಖಾನೆಯಲ್ಲಿ ತರಬೇತಿ ಪಡೆದ ಅರ್ಹ ಮೆಕ್ಯಾನಿಕರಿಂದ ಪರೀಕ್ಷೆ ಮಾಡಿಸಿ ಮೇಡಂ.”

“ಅಂಥವರು ನಮ್ಮ ದೇಶದಾಗ ಎಲ್ಲಿದ್ದಾರ?”

“ಯಾರೂ ಇಲ್ಲ ಮೇಡಂ. ಆ ಮಾಡೆಲ್ ನಿಂತುಹೋಗಿದೆಯಲ್ಲ.”

ಇಷ್ಟು ಹೇಳಿ ಫೋನಿನ ಆಚೆಯ ಹುಡುಗಿ ಬೇರೇನಾದರೂ ಸಹಾಯ ಬೇಕೇ ಎಂದು ಕೇಳಿದಳು!

ಮೌನೇಶ ಅಂದಿನಿಂದ ಬ್ರೇಕಿನ ಕೆಲಸ ಬಿಟ್ಟರು. ಗಿರಾಕಿ ಬಂದರೆ, ಆಯಿಲ್ ಬದಲಿ ಮಾಡ್ತೇನಿ, ಬ್ರೇಕಿಗೆ ಬ್ಯಾರೆ ಕಡೆ ಹೋಗ್ರಿ ಅನ್ನುತ್ತಿದ್ದರಂತೆ. ನಾನು ಪಿನ್ನು ತೆಗೆದುಕೊಂಡು ಹೋದರೆ ಚೀಲವನ್ನೇ ಮುಟ್ಟಲಿಲ್ಲ. “ನಾ ಮುಟ್ಟಿದ್ರ ತಿದ್ಯಾನ ಅಂತಾರ್ರೀ ಡಾಕ್ಟರ್ರ. ಹಂಗಽ ಇಟ್ಕೋರಿ.”

ಇಂಗ್ಲೆಂಡಿನಲ್ಲಿ ಈ ಕಾರಿನ ಮಾಲೀಕರದೊಂದು ಗುಂಪು ಇದೆಯೆಂದು ತಿಳಿದು, ಅವರಿಂದ ಒಬ್ಬರ ವಿಳಾಸ ಸಿಕ್ಕಿತು. ಕಾರ್ಖಾನೆಯಲ್ಲಿ ಮೆಕ್ಯಾನಿಕರಿಗೆ ಪಾಠ ಹೇಳುತ್ತಿದ್ದ ಕೀತ್ ಎನ್ನುವವರು. ಫೋಟೋ ನೋಡಿ ಏನೂ ಹೇಳುವುದಿಲ್ಲ, ಪಿನ್ನನ್ನು ಅಂಚೆಯಲ್ಲಿ ಕಳಿಸಿದರೆ ಕಳೆದುಹೋದೀತು, ತಂದರೆ ನೋಡುತ್ತೇನೆ ಅಂದರು. ತರುತ್ತೇನೆ ಅಂದೆ. ಸುದ್ದಿ ಕೇಳಿ ಮೌನೇಶ ಇಂಡಿಗೆ ಬಂದರು.

“ನಾನೂ ಬರ್ತೇನ್ರಿ.”

“ನೀವ್ಯಾಕ ಮೌನೇಶಪ್ಪಾ? ನಿಮ್ಮ ತಪ್ಪಲ್ಲ ಅಂತ ನನಗ ಗೊತ್ತದ.”

“ನಿಮಗ ಗೊತ್ತೈತಿ, ನನಗ ಗೊತ್ತಿಲ್ರಿ. ಕ್ಲಿಪ್ ಹಾಕಿರ್ತೇನಿ. ಆದ್ರ ಹಾಕಿದ್ದು ಕಣ್ಣಮುಂದ ಬರವಲ್ದು. ತಿಳದಾಂವ ಒಬ್ಬ ನೋಡಿ, ನೀ ಹಾಕಿಲ್ಲೋ ಮೌನೇಶಾ ಅಂದ್ರ ಅಂದಬಿಡ್ಲಿ. ಅದನ್ನ ನನ್ನ ಕಿವಿಲೇ ಕೇಳಬೇಕು ನಾ.”

ಎರಡು ಟಿಕೆಟ್ಟು ತೆಗೆಸಿದೆ.

ವಿಮಾನ ನಿಲ್ದಾಣಗಳು

ಪಿನ್ನನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಹೊರಡುವಲ್ಲಿ ತಪಾಸಣೆಯ ಯಂತ್ರ ಅದನ್ನು ಕಂಡು ಕೂಗಿತು. ಏನಿದು ಎಂದರು. ಬ್ರೇಕಿನ ಪಿನ್ನು ಎಂದೆ. ಒಬ್ಬರು ಇನ್ನೊಬ್ಬರನ್ನು ಕರೆದರು, ಅವರು ಮತ್ತೊಬ್ಬರನ್ನು. ಪಕ್ಕದಲ್ಲೇ ಮೌನೇಶರ ಚೀಲದಿಂದ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಹೊರಬಂದವು. ಚಟ್ನಿಯನ್ನು ಮೂಸಿ ನೋಡಿದ ಅಧಿಕಾರಿ ಸೀನಿದ. ಕೊನೆಗೆ ಪಿನ್ನಿಗೂ ಚಟ್ನಿಗೂ ಬಿಡುಗಡೆ ಸಿಕ್ಕಿತು.

ಅತ್ತ ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಹೆಂಗಸು ಬಂದ ಉದ್ದೇಶ ಕೇಳಿದಳು. ಒಬ್ಬ ಮೆಕ್ಯಾನಿಕರನ್ನು ಕಾಣಲು ಎಂದೆ.

“ನಿಮ್ಮ ದೇಶದಲ್ಲಿ ಮೆಕ್ಯಾನಿಕರಿಲ್ಲವೇ?”

ಮೌನೇಶ ತಮ್ಮ ಮಸ್ಕತ್ತಿನ ಇಂಗ್ಲಿಷಿನಲ್ಲಿ ನಡುವೆ ಬಾಯಿ ಹಾಕಿದರು: “ನಾನೇ ಮೆಕ್ಯಾನಿಕ್, ಮೇಡಂ.”

ಮೆಕ್ಯಾನಿಕರನ್ನು ಕಾಣಲು ಮೆಕ್ಯಾನಿಕರನ್ನೇ ಕಟ್ಟಿಕೊಂಡು ಬಂದ ದನದ ಡಾಕ್ಟರು! ಅವಳಿಗೆ ನಮ್ಮನ್ನು ಯಾವ ಖಾನೆಗೆ ಹಾಕಬೇಕೋ ತಿಳಿಯಲಿಲ್ಲ. ಬಹಳ ಹೊತ್ತು ನಿಲ್ಲಿಸಿದಳು. ನನ್ನ ಸಿಟ್ಟು ಏರುತ್ತಿದ್ದುದನ್ನು ಕಂಡು ಮೌನೇಶ ಮೆಲ್ಲಗೆ, “ಸುಮ್ಕಿರ್ರಿ, ಹೊಳ್ಳಿ ಕಳಿಸಿಗಿಳಿಸ್ಯಾಳು,” ಅಂದರು.

ವೇಲ್ಸ್ ಗಡಿಯ ಸಣ್ಣ ಊರು

ಬರ್ಮಿಂಗ್‌ಹ್ಯಾಮಿನಿಂದ ರೈಲು, ಆಮೇಲೆ ಬಸ್ಸು. ಕೀತ್ ಇರುವ ಊರು ನಮ್ಮ ತಾಂಬಾ ಹಳ್ಳಿಗಿಂತ ಚಿಕ್ಕದು. ಮಧ್ಯಾಹ್ನವೂ ಬೀದಿಯಲ್ಲಿ ಜನರಿಲ್ಲ. ತಾಂಬಾದಲ್ಲಿ ಹೊಸಬರು ಬಸ್ಸಿಳಿದರೆ ಯಾರ ಮನೆಗೆ, ಯಾವ ಊರು, ಏನು ಕೆಲಸ ಎಂದು ಕೇಳುವವರು ನಿಲ್ದಾಣದಲ್ಲೇ ಸಿಗುತ್ತಾರೆ. ಇಲ್ಲಿ ಪರದೆಯ ಹಿಂದಿನಿಂದ ನೋಡುತ್ತಾರೆ, ನಾವು ನೋಡಿದರೆ ಪರದೆ ಎಳೆಯುತ್ತಾರೆ.

ನಾವು ಉಳಿದುಕೊಂಡ ಮನೆಯೊಡತಿ ಒಳ್ಳೆಯವಳೇ. ಆದರೆ ಎಲ್ಲದಕ್ಕೂ ಕ್ಷಮೆ ಕೇಳುವಳು. ಮಳೆ ಬಂದರೆ ಕ್ಷಮಿಸಿ, ಮೆಟ್ಟಿಲು ಕಿರುಗುಟ್ಟಿದರೆ ಕ್ಷಮಿಸಿ. ನಾನೇ ಅವಳ ಕಾಲು ತುಳಿದಾಗಲೂ ಅವಳೇ ಕ್ಷಮಿಸಿ ಅಂದಳು. ಸಿಂದಗಿಯ ಬಸ್ಸಿನಲ್ಲಿ ಕಾಲು ತುಳಿದವರು, “ಕಾಲ ಒಳಗ ತಗೋರಿ,” ಎಂದು ನಮಗೇ ಜೋರು ಮಾಡುತ್ತಾರೆ. ಮೊದಲ ದಿನ ಈ ನಯ ನನಗೆ ಹಿಡಿಸಿತು. ಇಷ್ಟು ಸಣ್ಣದಕ್ಕೆ ಕ್ಷಮೆ ಕೇಳುವ ಜನ ದೊಡ್ಡದಕ್ಕೆ ಎಷ್ಟು ಕೇಳಬಹುದು ಅಂದುಕೊಂಡೆ. ಎರಡನೆಯ ದಿನ ಗೊತ್ತಾಯಿತು.

ಅವಳು ಕೊಟ್ಟ ಸಿಹಿ ಸಿಹಿ ಹುರುಳಿಕಾಳಿನಂಥ ಪಲ್ಯಕ್ಕೆ ಮೌನೇಶ ಶೇಂಗಾ ಚಟ್ನಿ ಕಲಸಿ ತಿಂದರು. ಅವಳೂ ಒಂದು ಚಮಚ ಕೇಳಿ ಹಾಕಿಸಿಕೊಂಡು, ನೀರು ಕುಡಿದು, ಕಣ್ಣೊರೆಸಿಕೊಂಡು ಕ್ಷಮಿಸಿ ಅಂದಳು.

ಕೀತ್ ಅವರ ಗ್ಯಾರೇಜು

ಊರಾಚೆಯ ಹಳೆಯ ದನದ ಕೊಟ್ಟಿಗೆಯೇ ಗ್ಯಾರೇಜು. ಒಳಗೆ ನನ್ನ ಕಾರಿನ ಅಣ್ಣತಮ್ಮಂದಿರು ಸಾಲಾಗಿ ನಿಂತಿದ್ದವು, ಕೆಂಪು, ಹಸಿರು, ನೀಲಿ. ಗೋಡೆಯ ಮೇಲೆ ಕಾರ್ಖಾನೆಯ ಪ್ರಮಾಣಪತ್ರ. ಕೀತ್ ಎತ್ತರದ ಮುದುಕರು, ಮಾತು ಕಡಿಮೆ. ಇಂಗ್ಲಿಷಿನಲ್ಲೇ ಮಾತಾಡಿದೆವು; ಮೌನೇಶರಿಗೆ ತಿಳಿಯದಲ್ಲಿ ನಾನು ಹೇಳಿದೆ.

ಚೀಲ ಬಿಚ್ಚಿ ಪಿನ್ನು ಕೊಟ್ಟೆ. ಕೀತ್ ಅದನ್ನು ಬೆಳಕಿಗೆ ಹಿಡಿದು, “ಓ, ಇದಾ,” ಅಂದರು.

ಅಷ್ಟೇ. ಸಮುದ್ರ ದಾಟಿ ತಂದ ಪಿನ್ನಿಗೆ ಇಷ್ಟೇ ಮಾತು. ಅದನ್ನು ದ್ರಾವಣದಲ್ಲಿ ಅದ್ದಿ, ಬ್ರಷ್ಷಿನಿಂದ ಜಿಡ್ಡು ತೆಗೆದು, ದೀಪದ ಕೆಳಗಿನ ದೊಡ್ಡ ಭೂತಗನ್ನಡಿಯಡಿ ಇಟ್ಟು ನಮ್ಮನ್ನು ಕರೆದರು. ನಾನು ಬಗ್ಗಿದೆ. ತುದಿಯ ಕಚ್ಚಿನಲ್ಲಿ ಉಗುರಿನ ಚೂರಿನಂಥದ್ದೊಂದು ಕಚ್ಚಿಕೊಂಡು ಕೂತಿತ್ತು.

“ಕ್ಲಿಪ್ಪಿನ ಅರ್ಧ,” ಅಂದರು ಕೀತ್. “ಇನ್ನರ್ಧ ಮುರಿದು ಬಿದ್ದಿದೆ. ಹಾಕದೆ ಇರುವ ಕ್ಲಿಪ್ಪು ಮುರಿಯುವುದಿಲ್ಲ.”

ಮೌನೇಶ ಕನ್ನಡಿಯ ಮೇಲೆ ಬಗ್ಗಿದವರು ಏಳಲೇ ಇಲ್ಲ. ನಾನು ಬೆನ್ನ ಮೇಲೆ ಕೈ ಇಟ್ಟಾಗ ಎದ್ದು, ಬಾಗಿಲ ಹೊರಗೆ ಹೋಗಿ ಮಳೆಯಲ್ಲೇ ನಿಂತರು. ಒಳಗೆ ಬಂದಾಗ ಮುಖ ತೊಳೆದಂತಿತ್ತು. ಮಳೆಯೋ ಬೇರೇನೋ, ನಾನು ಕೇಳಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ನಾನು ಖುಷಿಯಿಂದ ಚಹಾ ಕುಡಿಯುತ್ತಿದ್ದೆ. ಆದರೆ ಮೌನೇಶ ಸಾಲಾಗಿ ನಿಂತ ಕಾರುಗಳ ಪೆಡಲಿನಡಿ ತಲೆ ಹಾಕಿ ನೋಡತೊಡಗಿದರು. ಒಂದು, ಎರಡು, ಮೂರು. ತಲೆ ಎತ್ತಿ ಕೇಳಿದರು: “ಡಾಕ್ಟರ್ರ, ಇವುಕ್ಕೆಲ್ಲಾ ಬ್ಯಾರೆ ಪಿನ್ ಐತಲ್ರಿ. ದಪ್ಪಂದು, ನಟ್ ಹಾಕಿದ್ದು. ಯಾಕಂತ ಕೇಳ್ರಿ.”

ಕೇಳಿದೆ. ಕೀತ್ ಸಹಜವಾಗಿ ಹೇಳಿದರು. ಹಳೆಯ ಕ್ಲಿಪ್ಪಿನ ಉಕ್ಕು ಪೆಡಸು, ಕೆಲವು ವರ್ಷಕ್ಕೆ ಸೀಳುತ್ತದೆ. ಅದು ಗೊತ್ತಾದ ಕೂಡಲೇ ಇಲ್ಲಿ ಎಲ್ಲ ಕಾರುಗಳಿಗೂ ಬದಲಿಸಿದೆವು. ಕಂಪನಿಯೇ ಮನೆಮನೆಗೆ ತಿಳಿಸಿತು, ಪುಕ್ಕಟೆ ಹಾಕಿಸಿತು. ಈ ಕಾರು ಇರುವವರಿಗೆಲ್ಲ ಗೊತ್ತಿರುವ ಮಾತು.

“ನಮಗೆ ಗೊತ್ತಿಲ್ಲ,” ಅಂದೆ.

“ನಿಮ್ಮ ದೇಶದ್ದು ಬೇರೆ ಕಚೇರಿ. ಅವರು ಹೇಳಿರಬೇಕಿತ್ತು.”

ಮೌನೇಶ ಕನ್ನಡದಲ್ಲಿ ಕೇಳಿದರು, ನಾನು ತಿರುಗಿಸಿ ಹೇಳಿದೆ: “ಇದು ನಿಮಗೆ ಹೇಗೆ ಗೊತ್ತಾಯಿತು?”

ಕೀತ್ ಕಪ್ಪು ಕೆಳಗಿಟ್ಟರು. “ಒಬ್ಬಳು ಸತ್ತಳು. ಪಕ್ಕದ ಊರಿನ ಶಾಲೆಯ ಶಿಕ್ಷಕಿ. ಆಮೇಲೆ ಗೊತ್ತಾಯಿತು.”

ಆ ಶಿಕ್ಷಕಿ ಸತ್ತಳು. ಅದು ಎಲ್ಲರಿಗೂ ತಿಳಿಯಿತು. ಇಲ್ಲಿನವರಿಗೆಲ್ಲ ದಪ್ಪ ಪಿನ್ನು ಬಂತು. ನಮಗೆ ಬಂದದ್ದು ಒಬ್ಬ ಇಸ್ತ್ರಿ ಶರ್ಟಿನವನು, ಮತ್ತು ಮೌನೇಶನೆಂಬ ಅಪರಾಧಿ.

ಇದೆಲ್ಲವನ್ನೂ ಬರೆದು ಸಹಿ ಮಾಡಿಕೊಡಿ ಅಂದೆ. ಕೀತ್ ತಲೆ ಅಲ್ಲಾಡಿಸಿದರು. ಬಿಡಿಭಾಗಗಳೆಲ್ಲ ಬರುವುದು ಆ ಕಂಪನಿಯ ಗೋದಾಮಿನಿಂದ. ಅವರು ನಿಲ್ಲಿಸಿದರೆ ಈ ಗ್ಯಾರೇಜು ಮುಚ್ಚುತ್ತದೆ, ಈ ಕಾರುಗಳೂ ನಿಲ್ಲುತ್ತವೆ. “ಕ್ಷಮಿಸಿ,” ಅಂದರು.

ಆ ಶಬ್ದ ಕೇಳಿ ನನಗೇನಾಯಿತೋ! ಎದ್ದು ನಿಂತು ಅಚ್ಚ ಇಂಡಿಯ ಕನ್ನಡದಲ್ಲಿ ಬೈದೆ. “ಕ್ಷಮಾ ಅಂತ ಕ್ಷಮಾ! ಬಸ್ಸಿನಾಗ ಕಾಲು ತುಳಿದೀರೇನು? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೀರಿ! ನಾ ಸತ್ತಿದ್ದರ ಈ ಮನಷ್ಯಾ ಜೀವ ಇರೋತನಕ ಕೊಲೆಗಾರ ಅನಿಸ್ಕೋತಿದ್ದ!” ಇನ್ನೂ ಬಹಳ ಅಂದೆ, ಎಲ್ಲವನ್ನೂ ಇಲ್ಲಿ ಬರೆಯಲಾಗುವುದಿಲ್ಲ. ಕೀತ್ ದಂಗಾಗಿ ಮೌನೇಶರ ಮುಖ ನೋಡಿದರು. ಮೌನೇಶ ತಮ್ಮ ಇಂಗ್ಲಿಷಿನಲ್ಲಿ, “ಮೇಡಂ ಸಿಟ್ಟಾಗಿದ್ದಾರೆ,” ಎಂದು ಅನುವಾದ ಮಾಡಿದರು.

ಇಳಿಜಾರು

ಮರುದಿನ ಬೆಳಿಗ್ಗೆ ಕೀತ್ ತಮ್ಮ ಕೆಂಪು ಕಾರು ತಂದು ಮನೆಯ ಮುಂದೆ ನಿಲ್ಲಿಸಿದರು. ಸುತ್ತಾಡಿಸುತ್ತೇನೆ ಎಂದು ಮೌನೇಶರನ್ನು ಕೂರಿಸಿಕೊಂಡು ಹೊರಟೇಬಿಟ್ಟರು. ಎರಡೇ ಸೀಟು ತಾನೆ. ಕಾರು ನನ್ನದು, ಎಲುಬು ನನ್ನದು, ಟಿಕೆಟ್ಟು ತೆಗೆದವಳು ನಾನು. ಗಂಡಸರಿಬ್ಬರು ಹೊರಟ ಹೊಗೆ ನೋಡುತ್ತ ನಾನು ಬೇಲಿಯ ಪಕ್ಕ ನಿಂತೆ. ಬೇಲಿಯಾಚೆ ಹಸುಗಳು, ಒಂದೊಂದೂ ನಮ್ಮೂರ ಹಸು ಎರಡರಷ್ಟು. ಒಂದರ ಹಿಂಗಾಲು ಕುಂಟುತ್ತಿತ್ತು. ಗೊರಸಿನ ಬೇನೆ. ನಮ್ಮೂರಾಗಿದ್ದರೆ ಬೇಲಿ ಹಾರಿ ನೋಡಿಬಿಡುತ್ತಿದ್ದೆ.

ಅವರು ವಾಪಸ್ ಬಂದ ಕೂಡಲೇ ನಾನು ಚಾಲಕನ ಬಾಗಿಲು ತೆರೆದು, “ಈಗ ನಾನು ಓಡಿಸುತ್ತೇನೆ,” ಅಂದೆ. ಮೌನೇಶ ಇಳಿದು ಜಾಗ ಬಿಟ್ಟರು, ಕೀತ್ ಪಕ್ಕದ ಸೀಟಿಗೆ ಹೋದರು.

ಅಪಘಾತವಾದ ಮೇಲೆ ಸ್ಟೇರಿಂಗ್ ಹಿಡಿದದ್ದು ಅದೇ ಮೊದಲು. ಊರು ದಾಟಿದ ಮೇಲೆ ರಸ್ತೆ ಕಣಿವೆಗೆ ಇಳಿಯುತ್ತದೆ. ತಿರುವು ಇನ್ನೂ ದೂರವಿರುವಾಗಲೇ ಬ್ರೇಕ್ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ.

“ಇಷ್ಟು ಬೇಗ ಯಾಕೆ?” ಕೀತ್ ಕೇಳಿದರು.

“ನಿಮ್ಮ ಪಿನ್ನು ಇದೆಯೋ ಇಲ್ಲವೋ ನೋಡುತ್ತಿದ್ದೇನೆ.”

ಕಣಿವೆಯ ತಳದಲ್ಲಿ ಕಾರು ನಿಲ್ಲಿಸಿದೆ. ನಿಂತಿತು. ಹಿಂದಿನ ದಿನ ಕೂಗಿ ಹೇಳಿದ್ದನ್ನು ಈಗ ಅವರ ಭಾಷೆಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದೆ.

“ನಮ್ಮಲ್ಲಿ ಒಂದೂರಿನ ಎಮ್ಮೆಗೆ ಗಂಟಲು ಬೇನೆ ಬಂದರೆ ಸುತ್ತಲ ಊರಿಗೆ ಅಂದೇ ಹೇಳಿ ಕಳಿಸುತ್ತೇವೆ. ತಾಂಬಾದ ಎಮ್ಮೆ ಬೇರೆ, ಮೋರಟಗಿಯ ಎಮ್ಮೆ ಬೇರೆ, ಅದು ಬೇರೆ ಕಚೇರಿ ಅಂತ ಕೂರುವುದಿಲ್ಲ. ಎಮ್ಮೆಗೆ ನಾವು ಮಾಡುವಷ್ಟನ್ನು ನೀವು ಮನುಷ್ಯರಿಗೆ ಮಾಡಲಿಲ್ಲ.”

ಕೀತ್ ಗಾಜಿನ ಹೊರಗೆ ನೋಡಿದರು. “ಆ ಶಿಕ್ಷಕಿಯ ಕಾರು ನಾನೇ ಬಿಚ್ಚಿ ನೋಡಿದ್ದು,” ಅಂದರು. ಆಮೇಲೆ, “ನಾನಾಗಿ ಏನೂ ಬರೆದು ಕೊಡಲಾರೆ. ಆದರೆ ನ್ಯಾಯಾಲಯ ಕರೆದು ಕೇಳಿದರೆ ಸುಳ್ಳು ಹೇಳುವುದಿಲ್ಲ.”

“ಕೇಳದಿದ್ದರೆ?”

ಅವರು ಸೀಟಿನ ಬೆಲ್ಟು ಬಿಗಿ ಮಾಡಿಕೊಂಡು, ಕಾರು ತಿರುಗಿಸಿ ಅಂದರು. ಅವರ ಮೇಲಿನ ನನ್ನ ಸಿಟ್ಟು ಅರ್ಧ ಮಾತ್ರ ಇಳಿಯಿತು. ಉಳಿದರ್ಧವನ್ನು ಇಟ್ಟುಕೊಂಡೇ ಊರಿಗೆ ಬಂದೆ.

ವಿಜಯಪುರ

ಗ್ರಾಹಕರ ಆಯೋಗದಲ್ಲಿ ದೂರು ಹಾಕಿದೆ. ಕೀತ್ ಅವರಿಗೆ ಕರೆ ಹೋಯಿತು. ವಿಚಾರಣೆಯ ದಿನ ಪರದೆಯ ಮೇಲೆ ಅವರ ಮುಖ ಬಂತು. ಟೈ ಕಟ್ಟಿಕೊಂಡು ಕೂತಿದ್ದರು, ಹಿಂದೆ ಅದೇ ಕೊಟ್ಟಿಗೆಯ ಗೋಡೆ. ಕೇಳಿದ್ದಕ್ಕೆಲ್ಲ ಚುಟುಕಾಗಿ ಉತ್ತರಿಸಿದರು. ಕ್ಲಿಪ್ಪು ಹಾಕಿತ್ತು, ಮುರಿದಿದೆ. ಅದರ ದೋಷ ಕಂಪನಿಗೆ ಗೊತ್ತಿತ್ತು.

ಕಂಪನಿಯ ವಕೀಲ ಎದ್ದು ಕೊನೆಯ ಪಟ್ಟು ಹಾಕಿದ. ಕಾರ್ಖಾನೆಯ ತರಬೇತಿ ಇಲ್ಲದ ವ್ಯಕ್ತಿ ಆ ಬ್ರೇಕಿಗೆ ಕೈ ಹಾಕಲು ಅರ್ಹನೇ, ಹೌದೋ ಅಲ್ಲವೋ ಹೇಳಿ.

ಅದಕ್ಕೆ ಕೀತ್ ಅಂದರು: “ಆ ಅರ್ಹತೆ ಕೊಡುತ್ತಿದ್ದವನು ನಾನು. ಕಾರ್ಖಾನೆ ಮುಚ್ಚಿದ ದಿನ ಕೊಡುವುದನ್ನು ನಿಲ್ಲಿಸಿದೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ನಾನೂ ನನ್ನಲ್ಲಿ ಕಲಿತವರೂ ಸತ್ತ ಮರುದಿನ ಈ ಕಾರುಗಳನ್ನು ಜಗತ್ತಿನಲ್ಲಿ ಯಾರೂ ಮುಟ್ಟುವಂತಿಲ್ಲ. ಬಿಡಿಭಾಗ ಮಾರುವಾಗ ಅದನ್ನು ಗಿರಾಕಿಗೆ ಹೇಳಿದ್ದೀರಾ?”

ಆದೇಶ ನಮ್ಮ ಕಡೆ ಆಯಿತು. ಮೌನೇಶ ಬಡಿಗೇರರ ಕೆಲಸದಲ್ಲಿ ದೋಷವಿಲ್ಲ. ದೇಶದಲ್ಲಿ ಈ ಕಾರು ಇರುವ ಎಲ್ಲರಿಗೂ ಕಂಪನಿ ತಿಳಿಸಿ ಪಿನ್ನು ಬದಲಿಸಬೇಕು. ಹೊರಗೆ ಜಗುಲಿಯಲ್ಲಿ ಕಂಪನಿಯ ಅಧಿಕಾರಿ ಒಬ್ಬ ನನ್ನ ಹತ್ತಿರ ಬಂದು, ತಪ್ಪು ತಿಳಿಯಬೇಡಿ ಮೇಡಂ, ಇಲ್ಲಿ ಈ ಕಾರು ತೀರಾ ಕಡಿಮೆ ಇದ್ದವು, ಇನ್ನೂ ಯಾರೂ ಓಡಿಸುತ್ತಿರಲಿಕ್ಕಿಲ್ಲ ಅಂದುಕೊಂಡೆವು ಅಂದ.

ನಾನು ಬಾಯಿ ತೆರೆಯುವ ಮೊದಲೇ ಮೌನೇಶ ನಡುವೆ ಬಂದರು. “ಓಡಸೋರು ಕಡಿಮಿ ಇದ್ರ ಸಾಯೋರೂ ಕಡಿಮಿ ಅಂತೇನ್ರೀ ಸಾಹೇಬ್ರ?” ಅವನು ಫೋನ್ ಬಂದಂತೆ ಮಾಡಿ ಅತ್ತ ಸರಿದ.

ಕೆಲವು ದಿನಗಳ ಮೇಲೆ ನಾಸಿಕದಿಂದ ಒಬ್ಬ ಹೆಂಗಸಿನ ಫೋನು ಬಂತು. ಮರಾಠಿ ಮಾತಾಡುವವರು. ಕಂಪನಿಯಿಂದ ಇನ್ನೂ ಯಾರೂ ಬಂದಿರಲಿಲ್ಲ. ಆದೇಶದ ಸುದ್ದಿ ಕೇಳಿ ಯಾರಿಂದಲೋ ನನ್ನ ನಂಬರು ಪಡೆದಿದ್ದರು. ಬ್ರೇಕ್ ಒತ್ತಿದಾಗಲೆಲ್ಲ ಪೆಡಲಿನಡಿ ಟಕ್ ಎನ್ನುತ್ತದೆ, ಗಂಡ ಅದು ನಿನ್ನ ಭ್ರಮೆ ಅನ್ನುತ್ತಾರೆ ಅಂದರು.

ಪಕ್ಕದಲ್ಲೇ ಕೂತಿದ್ದ ಮೌನೇಶರಿಗೆ ಹೇಳಿದೆ. ಅವರು ಚಹಾದ ಬಸಿ ಕೆಳಗಿಟ್ಟು ಎದ್ದೇ ನಿಂತರು.

“ಗಾಡಿ ತೆಗೀಬ್ಯಾಡ ಅನ್ರಿ ಆ ಅಕ್ಕಾರಿಗೆ. ಅಂಗಳದಾಗಿಂದ ಸೈತ ಸರಸೂದು ಬ್ಯಾಡ. ನಾ ಹೊಂಟೇನಿ ಅಂತ ಹೇಳ್ರಿ.”